ಕ್ವೇಸಾರ್ ಮೇಲೆ ಪಂದ್ಯ

ಗಂಡ ಹೆಂಡತಿ ಇಬ್ಬರೂ ಖಗೋಳ ವಿಜ್ಞಾನಿಗಳು. ಕಪ್ಪುಕುಳಿ ಅನಿಲ ನುಂಗುವಾಗ ಬೆಳಗುವ ಬಹುದೂರದ ಒಂದು ಗೆಲಾಕ್ಸಿ ಕೇಂದ್ರ, ಅಂದರೆ ಕ್ವೇಸಾರ್, ಸೂಸುತ್ತಿದ್ದ ಎಕ್ಸ್-ರೇ ಇದ್ದಕ್ಕಿದ್ದಂತೆ ಮಂಕಾದಾಗಿನಿಂದ ಮನೆಯಲ್ಲಿ ಅದೇ ಜಗಳ.

"ಅದರ ನಡುವಿನ ಕಪ್ಪುಕುಳಿಗೆ ನುಂಗೋಕೆ ಅನಿಲ ಸಾಲ್ತಿಲ್ಲ ರೀ," ಎನ್ನುತ್ತಿದ್ದಳು ಹೆಂಡತಿ.

"ಯಾವ್ದೋ ಅನಿಲ, ಧೂಳಿನ ಮೋಡ ಅಡ್ಡ ಬಂದಿದೆ ಅಷ್ಟೇ. ಕಪ್ಪುಕುಳಿ ಮರೆಯಲ್ಲಿ ಕೂತು ಚೆನ್ನಾಗೇ ತಿಂತಿದೆ," ಎನ್ನುತ್ತಿದ್ದ ಗಂಡ.

ಅಂಥ ಮೋಡವನ್ನೂ ತೂರಿ ಬರುವ ಎಕ್ಸ್-ರೇಗಳನ್ನು ಹಿಡಿಯಬಲ್ಲ ಬಾಹ್ಯಾಕಾಶ ದೂರದರ್ಶಕವೊಂದು ಕೊನೆಗೆ ಅತ್ತ ತಿರುಗಿತು. ಫಲಿತಾಂಶ ಬಂದ ದಿನ ಸೋತವರೇ ಅಡುಗೆ ಮಾಡಬೇಕೆಂದು ಪಂದ್ಯವಾಯಿತು.

ಭಾನುವಾರ ಬೆಳಿಗ್ಗೆ ಫಲಿತಾಂಶ ಬಂತು. ಹೆಂಡತಿ ಲ್ಯಾಪ್‌ಟಾಪ್ ನೋಡಿದವಳೇ ಎದ್ದುಹೋಗಿ ಬದನೆಕಾಯಿ ಹೆಚ್ಚತೊಡಗಿದಳು.

ಗಂಡ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. "ಮೋಡ ತಾನೇ? ನಾನು ಮೊದಲೇ ಹೇಳಿರ್ಲಿಲ್ವಾ. ಹೋಗ್ಲಿ ಬಿಡು, ಬೇಜಾರು ಮಾಡ್ಕೋಬೇಡ."

"ಮೋಡಾನೂ ಇಲ್ಲ, ಮಣ್ಣೂ ಇಲ್ಲ. ಗೆದ್ದಿರೋದು ನಾನು."

ಗಂಡನ ಮುಖ ಪೆಚ್ಚಾಯಿತು. "ಮತ್ತೆ ನೀನ್ಯಾಕೆ ಅಡುಗೆ ಮಾಡ್ತಿದೀಯ?"

"ಇಷ್ಟು ಖುಷಿಯ ದಿನ ನಿಮ್ಮ ಕೈ ಅಡುಗೆ ಯಾರು ತಿಂತಾರೆ ರೀ?"