ಬಿಕ್ಕಿಗೆ ಬರೆದ ಕಾಗದಗಳು

“ಬಿಕ್ಕಿ ಅಂದ್ರೆ ಯಾರಜ್ಜಿ?”

ತನ್ನ ಬೈಂಡಿಂಗ್ ಅಂಗಡಿಯ ಮೇಜಿನ ಮೇಲೆ ಹಳೆಯ ಕಾಗದವೊಂದರ ಮಡಿಕೆ ಬಿಡಿಸುತ್ತ ಮೊಮ್ಮಗಳು ಕೇಳಿದಳು. ಎದುರಿನ ಸ್ಟೂಲಿನ ಮೇಲೆ ಕೂತಿದ್ದ ಅಜ್ಜಿಯ ಕೈಯಲ್ಲಿದ್ದ ಟೀ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

“ಏನಂತ ಓದಿದೆ? ಇನ್ನೊಂದು ಸಲ ಓದು.”

“‘ಪ್ರೀತಿಯ ಬಿಕ್ಕಿಗೆ’ ಅಂತಿದೆ. ಲಕೋಟೆ ಮೇಲೆ ನಿನ್ನ ಹೆಸರೇ ಇದೆ, ಒಳಗೆ ಮಾತ್ರ ಬಿಕ್ಕಿ.” ಅವಳು ಇನ್ನೂ ನಾಲ್ಕೈದು ಕಾಗದ ತೆಗೆದು ನೋಡಿದಳು. “ಎಲ್ಲದರಲ್ಲೂ ಹಾಗೇ. ತಾತ ನಿನ್ನನ್ನ ಹಾಗೆ ಕರೀತಿದ್ರಾ? ಇಷ್ಟು ದಿನ ನಮಗೆ ಹೇಳೇ ಇಲ್ವಲ್ಲ, ಕಳ್ಳಿ.”

ಅಜ್ಜಿ ನಗಲಿಲ್ಲ. ಮನೆತನದ ಕಥೆಗಳನ್ನೆಲ್ಲ ಒಂದು ಪುಸ್ತಕ ಮಾಡಿ ತನ್ನ ಕೈಯಾರೆ ಹೊಲಿಯಬೇಕೆಂದು ಮೊಮ್ಮಗಳು ಎರಡು ತಿಂಗಳಿಂದ ಅವಳನ್ನು ಮಾತಾಡಿಸಿ ಬರೆದುಕೊಳ್ಳುತ್ತಿದ್ದಳು. ತಾತ ಸೇತುವೆ ಕೆಲಸದ ಮೇಸ್ತ್ರಿ. ವರ್ಷದಲ್ಲಿ ಎಂಟು ತಿಂಗಳು ಹೊರಗೇ. ಅಲ್ಲಿಂದ ಅವರು ಬರೆದ ಕಾಗದಗಳನ್ನು ಅಜ್ಜಿ ಯಾರ ಕೈಗೂ ಕೊಟ್ಟವಳಲ್ಲ. ಗಂಡ ಹೆಂಡತಿ ನಡುವೆ ನಿಮಗೇನು ಕೆಲಸ ಎಂದು ಮಕ್ಕಳ ಬಾಯಿ ಮುಚ್ಚಿಸುತ್ತಿದ್ದಳು. ಇವತ್ತು ಅದೇನನ್ನಿಸಿತೋ, ಪೆಟ್ಟಿಗೆಯನ್ನು ತಾನೇ ಹೊತ್ತು ತಂದು, “ಕಣ್ಣು ಮಂಜಾಗಿದೆ, ನೀನೇ ಓದಿ ಹೇಳು” ಎಂದಿದ್ದಳು.

“ಅದು ನನ್ನ ಹೆಸರು,” ಎಂದಳು ಅಜ್ಜಿ. ದನಿ ಸಣ್ಣದಾಗಿತ್ತು. “ಮಗುವಾಗಿದ್ದಾಗ ಅತ್ತರೆ ಬಿಕ್ಕು ನಿಲ್ತಾನೇ ಇರಲಿಲ್ವಂತೆ. ಅಪ್ಪ, ಅಮ್ಮ, ಅಕ್ಕ, ಮೂರೇ ಜನ ಹಾಗೆ ಕರೀತಿದ್ದಿದ್ದು. ನಿಮ್ಮ ತಾತಂಗೆ ಅದು ಗೊತ್ತಾಗೋ ದಾರೀನೇ ಇಲ್ಲ.”

“ಅಕ್ಕನಾ? ‘ನಂಗೊಬ್ಬಳು ತಂಗಿ ಇದ್ದಳು, ಸತ್ತುಹೋದಳು’ ಅಂತ ಬರೆಸಿದ್ದೆಯಲ್ಲ?”

“ಸತ್ತಿದ್ದು ಅಕ್ಕ. ಲಕೋಟೆ ಮೇಲಿರೋದು ಅವಳ ಹೆಸರು.”

ಮೊಮ್ಮಗಳು ಲಕೋಟೆ ತಿರುಗಿಸಿ ಹೆಸರನ್ನು ಮತ್ತೆ ನೋಡಿದಳು. ಅಜ್ಜಿ ಗೋಡೆ ನೋಡುತ್ತ ಹೇಳತೊಡಗಿದಳು. “ಅವಳ ಮದುವೆಗೆ ಹತ್ತು ದಿನ ಇತ್ತು. ಜ್ವರ ಬಂದು ಮೂರೇ ದಿನಕ್ಕೆ ಹೋದಳು. ಗಂಡಿನ ಕಡೆಯವರು ಓದಿದ ಹುಡುಗೀನೇ ಬೇಕು ಅಂದಿದ್ರು. ಅಕ್ಕ ಓದಿದ್ದಳು, ನನ್ನನ್ನ ಸ್ಕೂಲಿಗೇ ಕಳಿಸಿರಲಿಲ್ಲ. ಸಂಬಂಧ ಕೈತಪ್ಪಿ ಹೋಗುತ್ತೆ ಅಂತ ಅಪ್ಪ, ಚಿಕ್ಕವಳು ತೀರಿಕೊಂಡಳು ಅಂತ ಅವರಿಗೆ ಹೇಳಿಕಳಿಸಿದ್ರು. ಮುಂಚೆ ಹುಡುಗಿ ನೋಡೋಕೆ ಬಂದಿದ್ದು ನಮ್ಮ ಮಾವ, ನಿಮ್ಮ ತಾತನ ಅಪ್ಪ, ಒಬ್ಬರೇ. ತಲೆ ತಗ್ಗಿಸಿ ಕೂತವಳ ಮುಖ ಅವರಿಗೇನು ನೆನಪಿರುತ್ತೆ? ಅವರ ಕಡೆಯಿಂದ ಮಾತಾಡಿಸೋಕೆ ಬಂದವರ ಮುಂದೆ ಅಮ್ಮ ನನ್ನ ಹೆಸರು ಹಿಡಿದು ಅತ್ತಳು. ನಾನು ಅಕ್ಕನ ಹೆಸರಲ್ಲಿ ಪಕ್ಕದಲ್ಲೇ ಕೂತಿದ್ದೆ.”

“ಹಾಗಾದ್ರೆ ನಿಂಗೆ ಓದೋಕೆ...”

“ಬರಲ್ಲ. ದಿನಾ ಪೇಪರ್ ಹಿಡ್ಕೊಂಡು ಕೂರ್ತಿದ್ದೆನಲ್ಲ, ಚಿತ್ರ ನೋಡಿ ಮೇಲು ಯಾವುದು ಕೆಳಗು ಯಾವುದು ಅಂತ ತಿಳ್ಕೊಳ್ತಿದ್ದೆ. ಈ ಕಾಗದ ಮುಚ್ಚಿಟ್ಟಿದ್ದೂ ಅದಕ್ಕೇ. ಒಂದಕ್ಕೂ ಉತ್ತರ ಬರೀಲಿಲ್ಲ. ಯಾಕೆ ಬರೀಲಿಲ್ಲ ಅಂತ ಅವರೂ ಒಂದು ದಿನ ಕೇಳಲಿಲ್ಲ.”

ಮೊಮ್ಮಗಳು ಅಂಚೆ ಮುದ್ರೆಯ ತಾರೀಖು ನೋಡಿ ಎಲ್ಲಕ್ಕಿಂತ ಹಳೆಯ ಕಾಗದವನ್ನು ಹುಡುಕಿದಳು. ಮೊದಲು ತಾನೇ ಮನಸ್ಸಿನಲ್ಲಿ ಓದಿಕೊಂಡಳು.

“ಜೋರಾಗಿ ಓದು,” ಎಂದಳು ಅಜ್ಜಿ.

“‘ಮದುವೆಯ ಮಾರನೆಯ ದಿನವೇ ನಿನ್ನ ತಾಯಿ ನನ್ನನ್ನು ಹಿತ್ತಿಲಿಗೆ ಕರೆದು ಎಲ್ಲವನ್ನೂ ಹೇಳಿದರು. ನಿನ್ನ ಹೆಸರನ್ನೂ ಹೇಳಿದರು. ನಿನ್ನ ಮುಂದೆ ಬಾಯಿ ಬಿಡುವುದಿಲ್ಲವೆಂದು ಅವರಿಗೆ ಮಾತು ಕೊಟ್ಟಿದ್ದೇನೆ. ಆದರೆ ನಿನಗೆ ಓದು ಬಾರದು. ಬೇರೆಯವರಿಂದ ಓದಿಸುವ ಧೈರ್ಯವೂ ನಿನಗಿರಲಾರದು. ಅದಕ್ಕೇ ಮನಸ್ಸು ಬಿಚ್ಚಿ ಬರೆಯುತ್ತಿದ್ದೇನೆ. ನೀನಾಗಿ ಹೇಳಿದ ದಿನ, ಅಲ್ಲಿಯವರೆಗೆ ಬರೆದ ಕಾಗದಗಳನ್ನೆಲ್ಲ ಪಕ್ಕದಲ್ಲಿ ಕೂತು ನಾನೇ ನಿನಗೆ ಓದುತ್ತೇನೆ.’”

ಆಚೆ ಕೋಣೆಯಲ್ಲಿ ಕಾಗದ ಕತ್ತರಿಸುವ ಯಂತ್ರ ಎರಡು ಸಲ ಸದ್ದು ಮಾಡಿ ನಿಂತಿತು.

“ಅಜ್ಜಿ, ತಾತಂಗೆ ಮೊದಲಿಂದಾನೇ ಗೊತ್ತಿತ್ತು. ಐವತ್ತಾರು ವರ್ಷ.”

ಅಜ್ಜಿ ಆ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. “ಆಸ್ಪತ್ರೇಲಿ, ಕೊನೇ ದಿನ ಬೆಳಿಗ್ಗೆ, ನಾನು ಹಾಲು ಕುಡಿಸ್ತಿದ್ದೆ. ನನ್ನ ಕೈ ಹಿಡ್ಕೊಂಡು, ‘ನಂಗೇನಾದ್ರೂ ಹೇಳೋದಿದ್ಯಾ’ ಅಂತ ಕೇಳಿದ್ರು. ಎರಡು ಸಲ ಕೇಳಿದ್ರು.”

“ನೀನೇನಂದೆ?”

“ಏನೂ ಇಲ್ಲ, ಹಾಲು ಆರಿಹೋಗುತ್ತೆ ಕುಡೀರಿ ಅಂದೆ.”