ಡ್ರೈವಿಂಗ್ ಮೇಷ್ಟರ ಮಗಳು

"ಇಡೀ ಊರಿಗೆ ಹಿಮದಲ್ಲಿ ಗಾಡಿ ಓಡಿಸೋದು ಕಲಿಸಿದವನ ಮಗಳು ನೀನು! ನಾಚಿಕೆ ಆಗಲ್ವಾ?"

ಉರ್ಹೋ ಗ್ಯಾರೇಜಿನ ಬಾಗಿಲಲ್ಲೇ ಕೂಗಿದ. ಒಳಗೆ ಕಾಫಿ ಕುಡಿಯುತ್ತಿದ್ದ ಇಬ್ಬರು ಮುಖ ಆಚೆ ತಿರುಗಿಸಿದರು. ಐಲಾ ಬೆಂಚಿನ ಮೇಲೆ ಕೂತಿದ್ದಳು. ಹಣೆಗೆ ಪಟ್ಟಿ, ಎಡಗೈಗೆ ಜೋಲಿ. ಮೂತಿ ಜಜ್ಜಿಹೋದ ಅವಳ ಕಾರು ಬಾಗಿಲಾಚೆ, ಎಳೆದು ತಂದ ಲಾರಿಯ ಕೊಕ್ಕೆಯಲ್ಲೇ ಇತ್ತು. ಅವಳು ಅಪ್ಪನ ಮುಖ ನೋಡಲಿಲ್ಲ.

ಅಕ್ಟೋಬರಿನ ಮೊದಲ ಹಿಮ. ಉತ್ತರದ ಆ ಸೊದಾಂಕ್ಯುಲ ಊರಲ್ಲಿ ಅಂಥ ದಿನ ಯಾರ ಗಾಡಿ ಜಾರಿದರೂ ಅದು ಸುದ್ದಿಯಲ್ಲ. ಮೇಷ್ಟರ ಮಗಳದ್ದು ಮಾತ್ರ ಸುದ್ದಿ. ಹಿಮದಲ್ಲಿ ಜಾರುವ ಬೇಸಿಗೆ ಟೈರು ಬಿಚ್ಚಿ, ಮೊಳೆಗಳಿರುವ ಹಿಮದ ಟೈರು ಹಾಕಿಸಿದ್ದಾರೋ ಇಲ್ಲವೋ ಎಂದು ಮೂವತ್ತು ವರ್ಷದಿಂದ ಉರ್ಹೋ ಪ್ರತಿ ಶಿಷ್ಯನ ಟೈರನ್ನೂ ಬೆರಳಿಟ್ಟು ಪರೀಕ್ಷಿಸುತ್ತ ಬಂದವನು. ಈ ಬೆಳಿಗ್ಗೆ ತಡವಾಯಿತೆಂದು ತನ್ನ ಗಾಡಿಯಲ್ಲಿ ಅವಸರವಸರವಾಗಿ ಬಂದು ಪಾಠ ಶುರು ಮಾಡಿದ್ದ. ಮುಗಿಯುವಷ್ಟರಲ್ಲಿ ಗ್ಯಾರೇಜಿನಿಂದ ಫೋನ್.

"ಬೇಸಿಗೆ ಟೈರಲ್ಲೇ ಹೊರಟಿರ್ತೀಯ. ನಾಳೆ ಹಾಕ್ಸಿದ್ರಾಯ್ತು ಅನ್ನೋ ಸೋಮಾರಿತನ!"

"ಮೇಷ್ಟ್ರೇ, ಹೋದ ವಾರ ನಾನೇ ಹಾಕಿದೀನಿ," ಎಂದ ಮೆಕ್ಯಾನಿಕ್ ಯೌನಿ. "ನೋಡಿ, ಒಂದು ಮೊಳೇನೂ ಸವೆದಿಲ್ಲ."

ಉರ್ಹೋ ಬಗ್ಗಿ ನೋಡಿದ. ಹಿಮದ ಟೈರು, ಹೊಚ್ಚ ಹೊಸದು.

"ಹಾಗಾದ್ರೆ ವೇಗ ಜಾಸ್ತಿ."

"ಅದೂ ಅಲ್ಲ. ಸೇತುವೆ ತಿರುವಲ್ಲಿ ಎದುರಿನ ಗಾಡಿ ಜಾರ್ಕೊಂಡು ಇವಳ ಕಡೆಗೇ ನುಗ್ಗಿದೆ. ಅದಕ್ಕೆ ಗುದ್ದಬಾರ್ದು ಅಂತ ಇವಳೇ ಚರಂಡಿಗೆ ಇಳಿಸಿದಾಳೆ. ಆ ಪುಣ್ಯಾತ್ಮ ತಿರುಗಿ ನೋಡದೆ ಹೋಗ್ಬಿಟ್ಟ."

ಉರ್ಹೋ ಟೋಪಿ ತೆಗೆದ. ಮಗಳ ಪಕ್ಕ ಕುಸಿದು ಕೂತ. ಮುಖ ಕಿವಿಯವರೆಗೂ ಕೆಂಪೇರಿತ್ತು.

"ಥೂ, ಅಂಥವನಿಗೆ ಲೈಸೆನ್ಸ್ ಕೊಟ್ಟವರ್ಯಾರೋ!" ಕಾಫಿಯವರಲ್ಲೊಬ್ಬ ಗೊಣಗಿದ. "ಗಾಡಿ ಯಾವುದು ಅಂತ ನೋಡಿದ್ಯೇನಮ್ಮ?"

"ಹಿಮದ ಧೂಳು. ಏನೂ ಕಾಣ್ಲಿಲ್ಲ," ಎಂದಳು ಐಲಾ, ನೆಲ ನೋಡುತ್ತಲೇ.

ಯೌನಿಯೂ ಕಾಫಿಯವರಿಬ್ಬರೂ ಕಾರು ಇಳಿಸಲು ಹೊರಗೆ ಹೋದರು. ಉರ್ಹೋನ ಕೈಯಲ್ಲಿ ಟೋಪಿ ಮುದ್ದೆಯಾಗಿತ್ತು.

"ತಪ್ಪಾಯ್ತು ಮಗಳೇ," ಎಂದ. "ಏನು ಎತ್ತ ಅಂತ ಕೇಳ್ದೆ ಎಲ್ಲರೆದುರು ಬೈದುಬಿಟ್ಟೆ."

ಐಲಾ ಮೊದಲ ಸಲ ಅವನತ್ತ ತಿರುಗಿದಳು.

"ಎದುರಿಗೆ ಬಂದಿದ್ದು ನಿನ್ನ ಗಾಡಿ ಅಂತ ಪೊಲೀಸರಿಗೆ ಹೇಳಿಲ್ಲ, ಅಪ್ಪ. ಇವತ್ತೇ ಆ ಬೇಸಿಗೆ ಟೈರ್ ಬಿಚ್ಚಿಸು."