ಏಡಿ ಸಾರಿನ ಕೈಗೆ ಟೀಸಿ

"ಏಡಿ ಹಿಡಿಯೋರ ಮನೆ ಹುಡ್ಗಿ ಬೇಲೂರಲ್ಲಿ ಹಾಸ್ಟೆಲ್ ಸೇರೋದಾ? ಆಗೋ ಮಾತಲ್ಲ ಬಿಡು" ಎಂದು ನಕ್ಕಿದ್ದವನು ನನ್ನ ಸೋದರಮಾವ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಈಗಲೂ ಒಲೆಯ ಮೇಲೆ ಏಡಿ ಸಾರು ಕುದಿಯುವಾಗ ಹಗರೆಯ ಶಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಬೇಲೂರಿನ ಶಾಲೆಗೂ ಹಾಸ್ಟೆಲ್‌ಗೂ ಸೇರಲು ಹಗರೆ ಶಾಲೆಯ ಟೀಸಿ, ಅಂದರೆ ವರ್ಗಾವಣೆ ಪತ್ರ ಬೇಕಿತ್ತು. ಅವತ್ತು ಬೆಳಿಗ್ಗೆ ಅಜ್ಜಿಯ ಜೊತೆ ಕೂತು ಗದ್ದೆ ಏಡಿಗಳನ್ನು ಒರಳಲ್ಲಿ ಕುಟ್ಟಿ ರಸ ಸೋಸಿದ್ದೆ. ಹುಣಸೆಹಣ್ಣು ಹಾಕಿ ಉಜ್ಜಿದರೂ ಬೆರಳಿನ ವಾಸನೆ ಹೋಗಲಿಲ್ಲ. ಹೆಡ್‌ಮಾಸ್ಟರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಮನೆಯವರು, ಮೊಟ್ಟೆಯನ್ನೂ ಮುಟ್ಟದವರು. ವಾಸನೆ ಬಡಿದರೆ ಟೀಸಿ ಕೊಡದೆ ಅಟ್ಟಿಬಿಡುತ್ತಾರೆಂದು ಹೆದರಿ, ಅವರ ಮೇಜಿನ ಮುಂದೆ ಅಜ್ಜಿಯ ಪಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತೆ.

ಅವರು ಮೂಗು ಅರಳಿಸಿದರು. "ಏನಮ್ಮಾ ಇದು ವಾಸನೆ?"

"ಏಡಿ ಸಾರು ಸ್ವಾಮಿ" ಎಂದಳು ಅಜ್ಜಿ, ಅಳುಕದೆ.

"ಅಯ್ಯೋ, ಅದನ್ನ ಹೆಂಗಮ್ಮಾ ತಿಂತೀರಿ?"

"ನೀವು ಕುಡಿಯೋ ಹಾಲು ಕರೂನ ಪಾಲು. ಏಡಿ ಯಾರ ಪಾಲೂ ಅಲ್ವಲ್ಲ ಸ್ವಾಮಿ."

ಮೇಷ್ಟ್ರು ಹೊಟ್ಟೆ ಕುಲುಕುವಂತೆ ನಕ್ಕುಬಿಟ್ಟರು. "ನಿಮ್ಮ ಬಾಯಿ ಮುಂದೆ ನಾನು ಗೆಲ್ಲಲ್ಲ ಕಣಮ್ಮಾ" ಎನ್ನುತ್ತ ಸಹಿ ಹಾಕಿ, ಸೀಲು ಒತ್ತಿ, ಟೀಸಿಯನ್ನು ನನ್ನ ಕಡೆ ಚಾಚಿದರು. ಆದರೂ ನನ್ನ ಕೈ ಮುಂದೆ ಬರಲಿಲ್ಲ.

ಅಜ್ಜಿ ಮೊಣಕೈ ಹಿಡಿದು ಮುಂದಕ್ಕೆ ತಳ್ಳಿದಳು. ಟೀಸಿ ನನ್ನ ಕೈ ಸೇರಿತು.

"ನೆಟ್ಟಗೆ ಹಿಡ್ಕೊಳ್ಳೇ" ಎಂದಳು. "ತಿಂದಿದ್ದೀವಿ, ಕದ್ದಿಲ್ಲ."